ಚಿತ್ರಫಲಕದ ಮದುವೆ: ಉದಯನ–ವಾಸವದತ್ತೆಯರ ಕಥೆಯೂ ಕನ್ನಡವೂ

(ಮಸ್ಕತ್ತಿನ ಅಲ್ ಅಜೈಬಾದಲ್ಲಿ ಸೇರಿದ್ದ ಕನ್ನಡ ಕುಟುಂಬಗಳ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಕನ್ನಡನಾಡಿಗೂ ಮಸ್ಕತ್ತಿಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ನಮ್ಮ ಕರಾವಳಿಯ ಅಕ್ಕಿ ಹಡಗೇರಿ ಈ ತೀರಕ್ಕೆ ಬರುತ್ತಿದ್ದ ಕಾಲವಿತ್ತು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನನ ವ್ಯಾಪಾರದ ಕೋಠಿಯೇ ಇಲ್ಲಿತ್ತು. ಅಂದು ಸರಕು ಬಂದ ದಾರಿಯಲ್ಲಿ ಇಂದು ನೀವು ಸಂಸಾರ ಸಮೇತ ಬಂದು ನೆಲೆಸಿದ್ದೀರಿ. ಸರಕಿನೊಡನೆ ಬಾರದ ಒಂದು ವಸ್ತುವನ್ನು, ಅಂದರೆ ನುಡಿಯನ್ನು, ಮನೆಯೊಳಗೆ ಕಾಪಾಡಿಕೊಂಡಿದ್ದೀರಿ. ಅದಕ್ಕಾಗಿ ಮೊದಲು ನಿಮಗೆ ನನ್ನ ವಂದನೆಗಳು.

ಐತಿಹಾಸಿಕ ಪ್ರಣಯಕಥೆಗಳ ಬಗ್ಗೆ, ಹೆಚ್ಚು ಪಾಂಡಿತ್ಯ ಬೆರೆಸದೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ನನಗೆ ಬರೆದಿದ್ದರು. ಇಲ್ಲಿಗೆ ಬಂದ ಮೇಲೆ ಕೆಲವು ಮನೆಗಳಲ್ಲಿ ಊಟ ಉಪಚಾರ ಸ್ವೀಕರಿಸುವಾಗ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಮಕ್ಕಳ ಓದಿನ ಬಗ್ಗೆ, ಉದ್ಯೋಗದ ಬಗ್ಗೆ ಎಲ್ಲರೂ ಗಟ್ಟಿಯಾಗಿ ಮಾತನಾಡುತ್ತಾರೆ. ಮಕ್ಕಳ ಮದುವೆಯ ಮಾತು ಬಂದಾಗ ಮಾತ್ರ ದನಿ ತಗ್ಗುತ್ತದೆ. "ಅವರೇ ಯಾರನ್ನಾದರೂ ನೋಡಿಕೊಂಡುಬಿಟ್ಟರೆ?" ಎಂಬ ಪ್ರಶ್ನೆ ಊಟದ ಮೇಜಿನ ಮೇಲೆ ಬಡಿಸದ ಪದಾರ್ಥದಂತೆ ಉಳಿದುಬಿಡುತ್ತದೆ. ಆದಕಾರಣ ಪ್ರಣಯಕಥೆಗಳ ಪೈಕಿ ಒಂದನ್ನೇ ಆರಿಸಿಕೊಂಡಿದ್ದೇನೆ. ಇದು ಓಡಿಹೋದವರ ಕಥೆ. ಅಗಲಿದವರು ಮತ್ತೆ ಕೂಡಿದ ಕಥೆ. ಹಾಗೆ ಕೂಡುವುದಕ್ಕೆ ಆ ಓಡಿಹೋಗುವಿಕೆಯೇ ಕಾರಣವಾದ ಕಥೆ.

ಪ್ರಕಾರದ ಪರಿಚಯ

ಇಂಗ್ಲಿಷಿನಲ್ಲಿ ಐತಿಹಾಸಿಕ ಪ್ರಣಯ ಕಾದಂಬರಿಯೆಂಬ ದೊಡ್ಡ ಪ್ರಕಾರವೇ ಇದೆ. ನಿಮ್ಮಲ್ಲಿ ಕೆಲವರು ಜಾರ್ಜೆಟ್ ಹೇಯರ್ ಅವರ ಕೃತಿಗಳನ್ನು ಓದಿರಬಹುದು. ಆ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಹೂಟವಿದೆ. ಎಳೆಯ ಜೋಡಿಯೊಂದು ಹಿರಿಯರ ಕಣ್ಣು ತಪ್ಪಿಸಿ ಓಡಿಹೋಗುತ್ತದೆ. ಅವರನ್ನು ಹುಡುಕಲು ಹೊರಟ ಹಿರಿಯರಿಬ್ಬರು ಒಂದು ಕಾಲಕ್ಕೆ ತಾವೇ ಪ್ರೇಮಿಗಳಾಗಿದ್ದು ಬೇರೆಯಾದವರು. ದಾರಿಯುದ್ದಕ್ಕೂ ಜಗಳವಾಡುತ್ತ ಹೋಗಿ, ದಾರಿ ಮುಗಿಯುವ ಹೊತ್ತಿಗೆ ಮತ್ತೆ ಒಂದಾಗುತ್ತಾರೆ.

ಈ ಹೂಟಕ್ಕೆ ಚರಿತ್ರೆಯ ಆಧಾರವಿದೆ. ಇಂಗ್ಲೆಂಡಿನಲ್ಲಿ 1753ರಲ್ಲಿ ಹಾರ್ಡ್‌ವಿಕ್ ಪ್ರಭುವಿನ ವಿವಾಹ ಕಾಯಿದೆ ಬಂತು, ಮರುವರ್ಷ ಜಾರಿಯಾಯಿತು. ಇಪ್ಪತ್ತೊಂದು ವರ್ಷ ತುಂಬದವರು ಪರವಾನಗಿ ಪಡೆದು ಮದುವೆಯಾಗಬೇಕಾದರೆ ತಂದೆತಾಯಿಗಳ ಒಪ್ಪಿಗೆ ಅಗತ್ಯವಾಯಿತು. ಸ್ಕಾಟ್ಲೆಂಡಿಗೆ ಈ ಕಾಯಿದೆ ಅನ್ವಯಿಸಲಿಲ್ಲ. ಗಡಿ ದಾಟಿದೊಡನೆ ಸಿಗುವ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಕುದುರೆಗಾಡಿ ಓಡಿಸಿಕೊಂಡು ಹೋಗಿ, ಸಾಕ್ಷಿಗಳ ಮುಂದೆ ಒಪ್ಪಿಗೆ ನುಡಿದರೆ ಮದುವೆಯಾಯಿತು. ಅಲ್ಲಿಯ ಕಮ್ಮಾರಸಾಲೆಯ ಅಡಿಗಲ್ಲೇ ಹಸೆಮಣೆಯೆಂದು ಹೆಸರಾಯಿತು. ಮದುವೆಗೆ ಮುಂಚೆ ಇಪ್ಪತ್ತೊಂದು ದಿನ ಸ್ಕಾಟ್ಲೆಂಡಿನಲ್ಲಿ ವಾಸವಿರಬೇಕೆಂಬ ಕಾನೂನು 1856ರಲ್ಲಿ ಬಂದ ಮೇಲೆ ಆ ಓಟದ ರಭಸ ಇಳಿಯಿತು.

ಜೇನ್ ಆಸ್ಟೆನ್ ಅವರ 1813ರ "ಪ್ರೈಡ್ ಅಂಡ್ ಪ್ರೆಜುಡಿಸ್" ಕಾದಂಬರಿಯಲ್ಲಿ ನಾಯಕಿಯ ಕಿರಿಯ ತಂಗಿ ಲಿಡಿಯಾ ಒಬ್ಬ ಸೈನ್ಯಾಧಿಕಾರಿಯೊಡನೆ ಓಡಿಹೋಗುತ್ತಾಳೆ. ಅವರನ್ನು ಪತ್ತೆಹಚ್ಚಿ, ಸಾಲ ತೀರಿಸಿ, ಮದುವೆ ಮಾಡಿಸುವವನು ನಾಯಕಿಯಿಂದ ಹಿಂದೆ ನಿರಾಕರಣೆ ಪಡೆದಿದ್ದ ಡಾರ್ಸಿ. ತಂಗಿಯ ತಪ್ಪು ಹೆಜ್ಜೆ ಅಕ್ಕನ ಬಾಳಿನ ಗಂಟನ್ನು ಬಿಡಿಸುತ್ತದೆ. ಒಬ್ಬರ ಓಟ ಇನ್ನೊಬ್ಬರ ಮಿಲನಕ್ಕೆ ದಾರಿಯಾಗುವ ಮಾದರಿಯೆಂದರೆ ಇದೇ.

ಇಂಥದು ನಮ್ಮಲ್ಲಿಲ್ಲವೆ? ಇದೆ, ಅದೂ ಬಹಳ ಹಿಂದಿನಿಂದಲೇ ಇದೆ. ನಮ್ಮ ಕಥೆಯಲ್ಲಿ ಓಡಿಹೋದವರೂ ಅಗಲಿ ಕೂಡಿದವರೂ ಒಬ್ಬರೇ. ಆದರೆ ಕೂಡಿಸಿದವರು ಯಾರು ಎಂಬುದರಲ್ಲಿ ಅದರ ವಿಶೇಷವಿದೆ.

ವೀಣೆಯ ಪಾಠ

ಉದಯನನು ಕಲ್ಪನೆಯ ರಾಜನಲ್ಲ. ಬುದ್ಧನ ಕಾಲದಲ್ಲಿ ಯಮುನೆಯ ದಡದ ಕೌಶಾಂಬಿಯಲ್ಲಿ ಆಳುತ್ತಿದ್ದ ವತ್ಸದೇಶದ ಅರಸು. ಉಜ್ಜಯಿನಿಯಲ್ಲಿ ಅವಂತಿಯ ಅರಸು ಪ್ರದ್ಯೋತ. ಸೈನ್ಯದ ದೊಡ್ಡತನದಿಂದ ಮಹಾಸೇನನೆಂಬ ಹೆಸರೂ ಅವನಿಗಿತ್ತು. ಪಾಲಿ ಭಾಷೆಯ ಬೌದ್ಧ ಗ್ರಂಥಗಳು ಇವರನ್ನು ಉದೇನ, ಚಂಡಪಜ್ಜೋತ ಎಂದು ಕರೆಯುತ್ತವೆ. ಪ್ರದ್ಯೋತನ ಮಗಳು ವಾಸವದತ್ತೆ.

ಉದಯನನಿಗೆ ಆನೆಗಳನ್ನು ವೀಣೆಯ ನಾದದಿಂದ ಒಲಿಸಿಕೊಳ್ಳುವ ವಿದ್ಯೆ ಗೊತ್ತಿತ್ತು. ಅವನ ವೀಣೆಯ ಹೆಸರು ಘೋಷವತಿ. ಪ್ರದ್ಯೋತನು ಒಂದು ಕೃತಕ ಆನೆಯನ್ನು ಮಾಡಿಸಿ, ಸೈನಿಕರನ್ನು ಮರೆಯಲ್ಲಿರಿಸಿ, ಆಸೆಪಟ್ಟು ಹತ್ತಿರ ಬಂದ ಉದಯನನನ್ನು ಸೆರೆ ಹಿಡಿದ. ಸೆರೆಯಾಳಾದ ರಾಜ ರಾಜಕುಮಾರಿಗೆ ವೀಣೆಯ ಗುರುವಾದ.

ಪಾಲಿ ಕಥೆಯಲ್ಲಿ ಇಲ್ಲೊಂದು ಸೊಗಸಾದ ಪ್ರಸಂಗವಿದೆ. ಗುರುಶಿಷ್ಯರ ನಡುವೆ ಅನುರಾಗ ಹುಟ್ಟಬಾರದೆಂದು ತಂದೆ ಮಧ್ಯೆ ತೆರೆ ಕಟ್ಟಿಸುತ್ತಾನೆ. ಒಳಗಿರುವವಳು ಗೂನುಬೆನ್ನಿನವಳೆಂದು ಅವನಿಗೂ, ಹೊರಗಿರುವವನು ಕುಷ್ಠರೋಗಿಯೆಂದು ಅವಳಿಗೂ ಹೇಳಿರುತ್ತಾನೆ. ಒಂದು ದಿನ ಪಾಠ ತಪ್ಪಿದಾಗ ಗುರು ಸಿಟ್ಟಿನಿಂದ ಗೂನಿಯೆಂದು ಜರೆಯುತ್ತಾನೆ. ಅವಳು ಕುಷ್ಠರೋಗಿಯೆಂದು ತಿರುಗಿ ಜರೆಯುತ್ತಾಳೆ. ತೆರೆ ಸರಿಯುತ್ತದೆ. ತಂದೆಯ ಸುಳ್ಳು ಬಯಲಾದ ಗಳಿಗೆಯಲ್ಲೇ ಪ್ರೇಮ ಹುಟ್ಟುತ್ತದೆ. ಮಕ್ಕಳನ್ನು ಕಾಯಲು ಸುಳ್ಳಿನ ತೆರೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ಮುಂದೆ ಇಬ್ಬರೂ ಭದ್ರವತಿಯೆಂಬ ಹೆಣ್ಣಾನೆಯ ಮೇಲೆ ಉಜ್ಜಯಿನಿಯಿಂದ ಪರಾರಿಯಾದರು. ಬೆನ್ನಟ್ಟಿ ಬಂದ ಸೈನಿಕರ ಮುಂದೆ ಹೊನ್ನಿನ ಚೀಲಗಳನ್ನು ಚೆಲ್ಲಿ, ಅವರು ಆಯ್ದುಕೊಳ್ಳುತ್ತಿರುವಾಗ ಮುಂದೆ ಸಾಗಿದರೆಂದು ಪಾಲಿ ಕಥೆ ಹೇಳುತ್ತದೆ. ಕೌಶಾಂಬಿಯ ನೆಲದಲ್ಲಿ ದೊರೆತ ಶುಂಗರ ಕಾಲದ ಒಂದು ಸುಟ್ಟ ಮಣ್ಣಿನ ಫಲಕ ವಾರಾಣಸಿಯ ಭಾರತ ಕಲಾ ಭವನದಲ್ಲಿದೆ. ಓಡುವ ಆನೆ, ಮೇಲೆ ಜೋಡಿ, ಹಿಂದೆ ಕುಳಿತು ನಾಣ್ಯ ಚೆಲ್ಲುವವನು, ಕೆಳಗೆ ಅದನ್ನು ಆಯುವವರು ಅದರಲ್ಲಿ ಕಾಣುತ್ತಾರೆ. ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಈ ಓಟವನ್ನು ಮಣ್ಣಿನಲ್ಲಿ ಅಚ್ಚೊತ್ತಿ ಮನೆಯಲ್ಲಿಟ್ಟುಕೊಳ್ಳುತ್ತಿದ್ದರು. ಅವಂತಿಯ ಹಳ್ಳಿಗಳಲ್ಲಿ ಉದಯನನ ಕಥೆ ಬಲ್ಲ ಮುದುಕರಿದ್ದರೆಂದು ಕಾಳಿದಾಸನೂ ಮೇಘದೂತದಲ್ಲಿ ಸೂಚಿಸುತ್ತಾನೆ.

ಹಿಂದೆ ಉಳಿದವರ ನಾಟಕ

ಈ ಕಥೆಯ ಮೇಲೆ ಎರಡು ಸಂಸ್ಕೃತ ನಾಟಕಗಳು ಭಾಸಕವಿಯ ಹೆಸರಿನಲ್ಲಿವೆ: "ಪ್ರತಿಜ್ಞಾಯೌಗಂಧರಾಯಣ" ಮತ್ತು "ಸ್ವಪ್ನವಾಸವದತ್ತ". ಶತಮಾನಗಳ ಕಾಲ ಹೆಸರು ಮಾತ್ರ ಉಳಿದಿದ್ದ ಭಾಸನ ನಾಟಕಗಳೆಂದು ತಿರುವನಂತಪುರದ ಟಿ. ಗಣಪತಿ ಶಾಸ್ತ್ರಿಗಳು ತಾಳೆಗರಿಗಳಿಂದ ಹದಿಮೂರು ನಾಟಕಗಳನ್ನು 1912ರಿಂದ ಅಚ್ಚು ಹಾಕಿಸಿದರು. ಎಲ್ಲವೂ ಭಾಸನವೇ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಇದೆ. ಕಥೆಯ ಸ್ವಾರಸ್ಯಕ್ಕೆ ಅದರಿಂದ ಕುಂದಿಲ್ಲ.

ಮೊದಲ ನಾಟಕದಲ್ಲಿ ಒಂದು ಆಶ್ಚರ್ಯವಿದೆ. ಓಡಿಹೋಗುವ ಕಥೆಯೇ ಅದರ ವಸ್ತು. ಆದರೆ ಓಡಿಹೋಗುವ ಉದಯನನಾಗಲಿ ವಾಸವದತ್ತೆಯಾಗಲಿ ರಂಗದ ಮೇಲೆ ಒಮ್ಮೆಯೂ ಬರುವುದಿಲ್ಲ. ರಂಗದ ಮೇಲಿರುವವರು ಮಂತ್ರಿಗಳು, ಮಾರುವೇಷದ ಗೂಢಚಾರರು, ಕುಡಿದವನಂತೆ ನಟಿಸುವ ಆನೆಯ ಆಳು, ಮಗಳ ತಂದೆತಾಯಿ. ಪ್ರೇಮಿಗಳು ತೆರೆಯ ಹಿಂದೆ, ನಾವೆಲ್ಲ ಉಳಿದವರೊಂದಿಗೆ. ಕವಿ ಆ ಓಟವನ್ನು ಹೋದವರ ಕಣ್ಣಿನಿಂದ ನೋಡಲಿಲ್ಲ, ಹಿಂದೆ ಉಳಿದವರ ಕಣ್ಣಿನಿಂದ ನೋಡಿದ.

ಎರಡನೆಯ ಅಂಕದಲ್ಲಿ ಪ್ರದ್ಯೋತನೂ ರಾಣಿ ಅಂಗಾರವತಿಯೂ ಮಗಳ ಮದುವೆಯ ಮಾತಾಡುತ್ತ ಕುಳಿತಿದ್ದಾರೆ. ಯಾವ ಯಾವ ದೇಶದಿಂದ ಸಂಬಂಧ ಬಂದಿದೆ, ಇವರಲ್ಲಿ ಯಾರು ಯೋಗ್ಯರು ಎಂದು ರಾಜ ಕೇಳುವ ಹೊತ್ತಿಗೆ ಸರಿಯಾಗಿ ಕಂಚುಕಿ ಒಳಬಂದು ವತ್ಸರಾಜನ ಹೆಸರನ್ನು ನುಡಿದುಬಿಡುತ್ತಾನೆ. ಅವನು ಹೇಳಬಂದದ್ದು ವತ್ಸರಾಜ ಸೆರೆಸಿಕ್ಕ ಸುದ್ದಿ. ಕೇಳಿದವರಿಗೆ ಅದು ಪ್ರಶ್ನೆಗೆ ಬಂದ ಉತ್ತರ. ಮಗಳನ್ನು ಕೊಟ್ಟು ಕಳುಹಿಸಬೇಕೆಂಬ ಆಸೆ ಒಂದು ಕಡೆ, ಕಳುಹಿಸಬೇಕಲ್ಲ ಎಂಬ ಸಂಕಟ ಇನ್ನೊಂದು ಕಡೆ. ಆ ಅಂಕದ ತಂದೆತಾಯಿ ನಮ್ಮ ಯಾವ ಮನೆಯಲ್ಲಿಯಾದರೂ ಕುಳಿತಿರಬಹುದು.

ನಾಲ್ಕನೆಯ ಅಂಕದ ಕೊನೆಯಲ್ಲಿ ಮಗಳು ಹೋಗಿಯಾಗಿದೆ. ಅಂಗಾರವತಿ ಪ್ರಾಣ ಬಿಡಲು ಹೊರಡುತ್ತಾಳೆ. ಆಗ ಪ್ರದ್ಯೋತನು ಏನು ಮಾಡಬಹುದಿತ್ತು? ಸೈನ್ಯ ಅವನ ಕೈಯಲ್ಲಿತ್ತು. ಓಟಕ್ಕೆ ಸಂಚು ಹೂಡಿದ ಮಂತ್ರಿ ಯೌಗಂಧರಾಯಣನೂ ಅವನ ಸೆರೆಯಲ್ಲಿಯೇ ಇದ್ದ. ಅವನು ಸೇಡಿನ ದಾರಿ ಹಿಡಿಯಲಿಲ್ಲ. ಇದು ಕ್ಷತ್ರಿಯರಿಗೆ ಒಪ್ಪಿದ ರೀತಿಯ ವಿವಾಹವೇ, ಸಂತೋಷದ ವೇಳೆಯಲ್ಲಿ ದುಃಖವೇಕೆ ಎಂದು ಹೆಂಡತಿಯನ್ನು ಸಮಾಧಾನಪಡಿಸಿದ. ಮಂತ್ರಿಗೆ ಚಿನ್ನದ ಕಲಶವನ್ನು ಉಡುಗೊರೆಯಾಗಿ ಕಳುಹಿಸಿದ. ಮದುಮಕ್ಕಳು ಇಲ್ಲದಿದ್ದರೇನು, ಅವರ ರೂಪಗಳನ್ನು ಫಲಕದ ಮೇಲೆ ಬರೆಯಿಸಿ, ಆ ಚಿತ್ರಗಳಿಗೇ ಮದುವೆಯ ಮಂಗಲಕಾರ್ಯ ನಡೆಯಲೆಂದು ಗೊತ್ತುಮಾಡಿದ.

ಸ್ವಲ್ಪ ಯೋಚಿಸಿ ನೋಡಿ. ವಧುವಿಲ್ಲ, ವರನಿಲ್ಲ. ಎರಡು ಚಿತ್ರಗಳ ಮುಂದೆ ವಾದ್ಯ ನುಡಿಯುತ್ತಿದೆ.

ಚಿತ್ರ ಕೂಡಿಸಿದ ಜೋಡಿ

ಎರಡನೆಯ ನಾಟಕದ ಹೊತ್ತಿಗೆ ಕೆಲವು ಕಾಲ ಕಳೆದಿದೆ. ಉದಯನನ ರಾಜ್ಯದ ಬಹುಭಾಗವನ್ನು ಆರುಣಿಯೆಂಬ ಶತ್ರು ಕಬಳಿಸಿದ್ದಾನೆ. ಅದನ್ನು ಮರಳಿ ಪಡೆಯಲು ಮಗಧದ ನೆರವು ಬೇಕು. ಅದಕ್ಕಾಗಿ ಮಗಧರಾಜನ ತಂಗಿ ಪದ್ಮಾವತಿಯನ್ನು ಉದಯನ ಮದುವೆಯಾಗಬೇಕು. ವಾಸವದತ್ತೆ ಇರುವವರೆಗೆ ಅವನು ಒಪ್ಪುವವನಲ್ಲ. ಆದ್ದರಿಂದ ಯೌಗಂಧರಾಯಣನು ಲಾವಾಣಕವೆಂಬ ಹಳ್ಳಿಯಲ್ಲಿ ಬೆಂಕಿಯ ನೆಪ ಮಾಡಿ, ರಾಣಿಯೂ ತಾನೂ ಸುಟ್ಟುಹೋದೆವೆಂಬ ಸುದ್ದಿ ಹಬ್ಬಿಸುತ್ತಾನೆ. ಅವಂತಿಕೆಯೆಂಬ ಹೆಸರಿನಲ್ಲಿ ವಾಸವದತ್ತೆಯನ್ನು ತನ್ನ ತಂಗಿಯೆಂದು ಹೇಳಿ, ಪದ್ಮಾವತಿಯ ಬಳಿಯಲ್ಲೇ ನ್ಯಾಸವಾಗಿ, ಅಂದರೆ ಕಾಪಾಡಲು ಒಪ್ಪಿಸಿದ ಒಡವೆಯಂತೆ, ಇರಿಸುತ್ತಾನೆ.

ತನ್ನ ಗಂಡನ ಎರಡನೆಯ ಮದುವೆಗೆ ಹೂಮಾಲೆ ಕಟ್ಟುವ ಕೆಲಸ ವಾಸವದತ್ತೆಯ ಪಾಲಿಗೆ ಬರುತ್ತದೆ. ಪ್ರೇಮಕ್ಕಾಗಿ ತವರನ್ನು ತೊರೆದವಳು ರಾಜ್ಯಕ್ಕಾಗಿ ಪ್ರೇಮವನ್ನೂ ಒತ್ತೆಯಿಡಬೇಕಾಯಿತು. ಕವಿ ಇದನ್ನು ತ್ಯಾಗವೆಂದು ಹೊಗಳಿ ಮುಗಿಸುವುದಿಲ್ಲ. ಆ ಹೆಂಗಸಿನ ಸಂಕಟವನ್ನು ನಮ್ಮ ಮುಂದಿಡುತ್ತಾನೆ. ಐದನೆಯ ಅಂಕದಲ್ಲಿ ಪದ್ಮಾವತಿಗೆ ತಲೆನೋವೆಂದು ಕೇಳಿ ಬಂದ ವಾಸವದತ್ತೆ, ಮಬ್ಬು ಬೆಳಕಿನಲ್ಲಿ ಮಲಗಿರುವವಳು ಅವಳೇ ಎಂದುಕೊಂಡು ಪಕ್ಕದಲ್ಲಿ ಕುಳಿತುಕೊಳ್ಳುತ್ತಾಳೆ. ಮಲಗಿದ್ದವನು ಉದಯನ. ಅವನು ಕನಸಿನಲ್ಲಿ ಅವಳ ಹೆಸರು ಹಿಡಿದು ಮಾತನಾಡುತ್ತಾನೆ. ಅವಳು ಎಚ್ಚರದಲ್ಲಿ ಉತ್ತರ ಕೊಡುತ್ತಾಳೆ. ಹಾಸಿಗೆಯಿಂದ ಜೋತಿದ್ದ ಅವನ ಕೈಯನ್ನು ಎತ್ತಿ ಮೇಲಿಟ್ಟು ಹೊರಟುಹೋಗುತ್ತಾಳೆ. ಕನಸೆ, ನಿಜವೆ ಎಂದು ತಿಳಿಯದೆ ಅವನು ಉಳಿಯುತ್ತಾನೆ.

ಕೊನೆಯ ಅಂಕದಲ್ಲಿ ಆರುಣಿ ಸೋತಿದ್ದಾನೆ. ಉಜ್ಜಯಿನಿಯಿಂದ ಕಂಚುಕಿಯೂ, ವಾಸವದತ್ತೆಯನ್ನು ಸಾಕಿದ ದಾದಿ ವಸುಂಧರೆಯೂ ಬರುತ್ತಾರೆ. ಮಗಳು ಬೆಂಕಿಗೆ ಆಹುತಿಯಾದಳೆಂದೇ ನಂಬಿರುವ ಅತ್ತೆ ಅಂಗಾರವತಿ ಅಳಿಯನಿಗೆ ಹೇಳಿಕಳುಹಿಸಿದ ಮಾತಿನ ಸಾರ ಇಷ್ಟು. ಮೊದಲಿನಿಂದಲೂ ಅವನು ತಮಗೆ ಮಕ್ಕಳಂತೆಯೇ. ಅಳಿಯನಾಗಲೆಂದೇ ಉಜ್ಜಯಿನಿಗೆ ತರಿಸಿಕೊಂಡದ್ದು. ವೀಣೆಯ ಪಾಠವೆಂಬುದು ಮಗಳನ್ನು ಒಪ್ಪಿಸುವ ನೆಪ. ಅವನೇ ದುಡುಕಿ, ಮದುವೆಯ ಮಂಗಲವಿಲ್ಲದೆ ಹೊರಟುಹೋದ. ಆಗ ತಾವು ಇಬ್ಬರ ಚಿತ್ರಗಳಿಗೂ ಮದುವೆ ನಡೆಸಿದೆವು. ಆ ಫಲಕವನ್ನೇ ಈಗ ಕಳುಹಿಸಿದ್ದೇವೆ. ನೋಡಿ ಸಮಾಧಾನ ತಂದುಕೊಳ್ಳಲಿ.

ಆ ಚಿತ್ರವನ್ನು ಪದ್ಮಾವತಿ ನೋಡುತ್ತಾಳೆ. ಇಂಥ ಮುಖದವಳು ಇಲ್ಲಿಯೇ ಇದ್ದಾಳಲ್ಲ ಎನ್ನುತ್ತಾಳೆ. ಬ್ರಾಹ್ಮಣನೊಬ್ಬ ಒಪ್ಪಿಸಿಹೋದ ತಂಗಿಯೆಂದು ಕೇಳಿ, ಹೋಲಿಕೆ ಇರಬಹುದಷ್ಟೆ ಎಂದು ರಾಜ ಅನುಮಾನಪಡುತ್ತಾನೆ. ಅಷ್ಟರಲ್ಲಿ ಯೌಗಂಧರಾಯಣ ವೇಷ ಮರೆಸಿಕೊಂಡೇ ಬಂದು ನ್ಯಾಸವನ್ನು ಕೇಳುತ್ತಾನೆ. ಸಾಕ್ಷಿಗಳ ಮುಂದೆ ಹಿಂದಿರುಗಿಸೋಣವೆಂದು ಅವಳನ್ನು ಕರೆತಂದಾಗ ಸಾಕಿದ ದಾದಿ ಗುರುತು ಹಿಡಿಯುತ್ತಾಳೆ. ಅಗಲಿದ ಜೋಡಿ ಕೂಡುತ್ತದೆ.

ಇಲ್ಲಿ ಒಂದು ಹೋಲಿಕೆಯನ್ನು ಗಮನಿಸಬೇಕು. ಹನ್ನೊಂದನೆಯ ಶತಮಾನದ ಕಾಶ್ಮೀರದ ಸೋಮದೇವನ "ಕಥಾಸರಿತ್ಸಾಗರ"ದಲ್ಲಿಯೂ ಈ ಕಥೆ ಇದೆ. ಅಲ್ಲಿ ಉದಯನನಿಗೆ ಸುಳಿವು ಸಿಗುವುದು ಬಾಡದ ಹೂಮಾಲೆಯಿಂದ ಮತ್ತು ವಿಶೇಷ ರೀತಿಯ ತಿಲಕದಿಂದ. ಅವನ್ನು ಮಾಡುವ ಕಲೆಯನ್ನು ವಾಸವದತ್ತೆಗೆ ಕಲಿಸಿದವನು ಅವನೇ. ಅಂದರೆ ಅಲ್ಲಿ ಪ್ರೇಮಿಗಳ ನಡುವಿನ ಗುಟ್ಟೇ ಪ್ರೇಮಿಗಳನ್ನು ಕೂಡಿಸುತ್ತದೆ. ನಾಟಕದಲ್ಲಿ ಹಾಗಲ್ಲ. ಹೇಳದೆ ಕೇಳದೆ ಓಡಿಹೋದ ಮಗಳನ್ನು ಆಕೆಯ ತಂದೆತಾಯಿ ಬರೆಯಿಸಿದ ಚಿತ್ರ ಗುರುತಿಗೆ ತರುತ್ತದೆ. ಅವರು ಓಡಿಹೋಗದೆ ಇದ್ದಿದ್ದರೆ ಆ ಚಿತ್ರ ಬರೆಯಿಸುವ ಸಂದರ್ಭವೇ ಇರುತ್ತಿರಲಿಲ್ಲ. ತಂದೆತಾಯಿ ಕ್ಷಮಿಸದೆ ಇದ್ದಿದ್ದರೂ ಇರುತ್ತಿರಲಿಲ್ಲ. ಎರಡೂ ಸೇರಿ ಮರುಮಿಲನವಾಯಿತು.

ಕನ್ನಡದ ಪಾಲು

ಈ ಕಥೆಗೂ ಕನ್ನಡಕ್ಕೂ ಏನು ಸಂಬಂಧವೆಂದು ಮಕ್ಕಳು ಕೇಳಬಹುದು. ಸಂಬಂಧ ಹಳೆಯದು. ಉದಯನ–ವಾಸವದತ್ತೆಯರ ಮಗ ನರವಾಹನದತ್ತನೇ ಗುಣಾಢ್ಯನ ಬೃಹತ್ಕಥೆಯ ನಾಯಕ. ಪೈಶಾಚಿ ಭಾಷೆಯಲ್ಲಿದ್ದ ಆ ಮಹಾಕಥೆಯನ್ನು ಸಂಸ್ಕೃತಕ್ಕೆ ತಂದವರಲ್ಲಿ ಆರನೆಯ ಶತಮಾನದ ಗಂಗರಾಜ ದುರ್ವಿನೀತನೂ ಒಬ್ಬನೆಂದು ಕೋಲಾರ ಸೀಮೆಯ ಗುಮ್ಮರೆಡ್ಡಿಪುರದ ತಾಮ್ರಶಾಸನ ತಿಳಿಸುತ್ತದೆ. ಕವಿರಾಜಮಾರ್ಗದಲ್ಲಿ ಕನ್ನಡದ ಗದ್ಯಕರ್ತರ ಸಾಲಿನಲ್ಲಿ ಬರುವ ದುರ್ವಿನೀತನನ್ನು ಈ ಗಂಗರಾಜನೆಂದೇ ಗುರುತಿಸುತ್ತಾರೆ. ಅವನ ಕೃತಿಗಳು ಉಳಿದಿಲ್ಲ. ಆದರೆ ಉದಯನನ ಕಥೆ ನಮ್ಮ ನೆಲದಲ್ಲಿ ಅಷ್ಟು ಹಿಂದೆಯೇ ಅರಮನೆಯ ಓದಾಗಿತ್ತೆಂಬುದು ಸ್ಪಷ್ಟ. 1031ರಲ್ಲಿ ಕನ್ನಡ ಪಂಚತಂತ್ರವನ್ನು ಬರೆದ ದುರ್ಗಸಿಂಹನೂ ತನ್ನ ಕಥೆಗಳ ಮೂಲವನ್ನು ಗುಣಾಢ್ಯನವರೆಗೆ ಒಯ್ಯುತ್ತಾನೆ.

ವಾಸವದತ್ತೆಯೆಂಬ ಹೆಸರು ಇನ್ನೊಂದು ದಾರಿಯಿಂದಲೂ ಕನ್ನಡಕ್ಕೆ ಬಂತು. ಸುಬಂಧುವಿನ "ವಾಸವದತ್ತಾ" ಎಂಬ ಸಂಸ್ಕೃತ ಗದ್ಯಕಥೆಯ ನಾಯಕಿ ಬೇರೆಯವಳಾದರೂ ಅವಳದೂ ಓಟದ ಕಥೆಯೇ. ಇಷ್ಟವಿಲ್ಲದ ಮದುವೆಯಿಂದ ತಪ್ಪಿಸಿಕೊಂಡು ಪ್ರಿಯನೊಡನೆ ಮಾಯಾಕುದುರೆಯ ಮೇಲೆ ವಿಂಧ್ಯದ ಕಾಡಿಗೆ ಹೋಗುತ್ತಾಳೆ, ಶಾಪದಿಂದ ಕಲ್ಲಾಗುತ್ತಾಳೆ, ಪ್ರಿಯನ ಸ್ಪರ್ಶದಿಂದ ಮತ್ತೆ ಹೆಣ್ಣಾಗುತ್ತಾಳೆ. ಇದನ್ನು ಮಾದರಿಯಾಗಿಟ್ಟುಕೊಂಡು ಹನ್ನೆರಡನೆಯ ಶತಮಾನದಲ್ಲಿ ನೇಮಿಚಂದ್ರನು "ಲೀಲಾವತೀ ಪ್ರಬಂಧ"ವೆಂಬ ಚಂಪೂಕಾವ್ಯವನ್ನು ರಚಿಸಿದ. ಅವನು ಕಥಾನಾಯಕನನ್ನು ಜಯಂತೀಪುರದ, ಅಂದರೆ ನಮ್ಮ ಬನವಾಸಿಯ, ರಾಜಕುಮಾರನನ್ನಾಗಿ ಮಾಡಿದ. ಒಬ್ಬರನ್ನೊಬ್ಬರು ಕನಸಿನಲ್ಲಿ ಕಂಡು ಹುಡುಕಿ ಹೊರಡುವ ಪ್ರೇಮಿಗಳ ಕಥೆಗೆ ಕನ್ನಡದ ನೆಲವೇ ರಂಗವಾಯಿತು.

ಇನ್ನೊಂದು ಸಂಗತಿಯನ್ನು ಕೇಳಿ. ಉದಯನನ ಕಥೆಯನ್ನೇ ಮುಂದುವರಿಸಿ "ರತ್ನಾವಳಿ" ನಾಟಕ ಬರೆದವನು ಹರ್ಷವರ್ಧನ. ನರ್ಮದೆಯ ಬಳಿ ಅವನ ಸೈನ್ಯವನ್ನು ತಡೆದವನು ನಮ್ಮ ಇಮ್ಮಡಿ ಪುಲಕೇಶಿ. 634ರ ಐಹೊಳೆಯ ಶಾಸನ ಇದಕ್ಕೆ ಸಾಕ್ಷಿ. ಅರಸನನ್ನು ತಡೆದೆವು, ಅವನ ನಾಟಕವನ್ನು ತಡೆಯಲಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಆಸ್ಥಾನದಲ್ಲಿ ಸಿಂಗರಾರ್ಯನು ಆ ರತ್ನಾವಳಿಯನ್ನೇ ಆಧರಿಸಿ, ಉದಯನನ ಸ್ಥಾನದಲ್ಲಿ ಕೃಷ್ಣನನ್ನು ನಿಲ್ಲಿಸಿ, "ಮಿತ್ರವಿಂದಾ ಗೋವಿಂದ"ವನ್ನು ಬರೆದ. ನಮಗೆ ಉಪಲಬ್ಧವಿರುವ ಮೊದಲ ಕನ್ನಡ ನಾಟಕ ಇದೇ. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಸವಪ್ಪ ಶಾಸ್ತ್ರಿಗಳೂ ರತ್ನಾವಳಿಯನ್ನು ಕನ್ನಡಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು "ಭಾಸಕವಿ", "ಸಂಸ್ಕೃತ ನಾಟಕ" ಎಂಬ ಗ್ರಂಥಗಳಲ್ಲಿ ಈ ನಾಟಕಗಳನ್ನು ವಿವೇಚಿಸಿ, "ಕಥಾಮೃತ"ದಲ್ಲಿ ಸೋಮದೇವನ ಕಥೆಗಳನ್ನು ತಿಳಿಗನ್ನಡದಲ್ಲಿ ಹೇಳಿದರು. ನಿಮ್ಮ ಕೂಟದ ಕಪಾಟಿನಲ್ಲಿ "ಕಥಾಮೃತ"ದ ಒಂದು ಪ್ರತಿ ಇರಬೇಕೆಂಬುದು ನನ್ನ ಸಲಹೆ.

ಶಾಸ್ತ್ರ, ಕಾನೂನು, ಮನಸ್ಸು

ಧರ್ಮಶಾಸ್ತ್ರಗಳು ಎಂಟು ವಿಧದ ವಿವಾಹಗಳನ್ನು ಎಣಿಸುತ್ತವೆ. ಪರಸ್ಪರ ಒಪ್ಪಿಗೆಯಿಂದ ಕೂಡುವುದು ಗಾಂಧರ್ವ. ಬಲದಿಂದ ಒಯ್ಯುವುದು ರಾಕ್ಷಸ. ರುಕ್ಮಿಣಿಯ, ಸುಭದ್ರೆಯ ಕಥೆಗಳನ್ನು ನಾವು ಯಕ್ಷಗಾನದಲ್ಲಿ ರಾತ್ರಿಯೆಲ್ಲ ನೋಡಿ ಸಂತೋಷಪಟ್ಟಿದ್ದೇವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕುಲದ ಕುಸುಮಾಲೆಯ ಕೈಹಿಡಿದನೆಂದು ರಂಗನಾಥನನ್ನು ಭಾವನೆಂದು ಕರೆಯುತ್ತಾರೆ. ಅವರಲ್ಲಿ ಜೋಡಿ ಕಾಡಿಗೆ ಓಡಿಹೋಗಿ ಮರಳುವುದು ಮದುವೆಯ ಒಪ್ಪಿತ ರೀತಿಗಳಲ್ಲೊಂದು; ಕುಲದ ಹಿರಿಯರ ಮುಂದೆ ತಪ್ಪುಕಾಣಿಕೆ ಕೊಟ್ಟರೆ ಜೋಡಿ ಊರಿನದಾಗುತ್ತದೆ. ಓಡಿಹೋಗುವ ದಾರಿಯ ಜೊತೆಗೆ ಮರಳಿ ಬರುವ ದಾರಿಯನ್ನೂ ಆ ಸಮಾಜ ಇಟ್ಟುಕೊಂಡಿದೆ.

ನಾವಿರುವ ಈ ಅರಬ್ಬೀ ನಾಡಿನ ಮಹಾಪ್ರಣಯಕಥೆಯನ್ನೂ ನೆನೆಯೋಣ. ಕೈಸನೂ ಲೈಲಾಳೂ ಬಾಲ್ಯದಿಂದ ಬಲ್ಲವರು. ಅವನು ತನ್ನ ಪ್ರೇಮವನ್ನು ಹಾಡಿ ಊರಿಗೆಲ್ಲ ತಿಳಿಸಿದನೆಂಬ ಕಾರಣಕ್ಕೆ ಅವಳ ತಂದೆ ಒಪ್ಪಲಿ‌ಲ್ಲ. ಅವಳನ್ನು ಬೇರೆಯವನಿಗೆ ಕೊಟ್ಟರು. ಅವನು ಮರುಭೂಮಿಯಲ್ಲಿ ಅಲೆಯುವ ಮಜ್ನೂನನಾದ. ಅಲ್ಲಿ ಓಟವೂ ಇಲ್ಲ, ಮರುಮಿಲನವೂ ಇಲ್ಲ. ತಂದೆಯ ಮಾನ ಉಳಿಯಿತು, ಮಕ್ಕಳು ಉಳಿಯಲಿಲ್ಲ.

ಈ ಕೊನೆಯ ಮಾತು ಹಳೆಯ ಕಾಲದ್ದು ಮಾತ್ರವಲ್ಲ. ಸ್ವಂತ ಇಚ್ಛೆಯಿಂದ ಮದುವೆಯಾದ ಮಕ್ಕಳನ್ನು ಮನೆಯವರೇ ಕೊಂದ ಘಟನೆಗಳು ನಮ್ಮ ಕರ್ನಾಟಕದಲ್ಲಿಯೂ ನಡೆದಿವೆ. ಅದಕ್ಕೆ ಮರ್ಯಾದೆಯ ಹೆಸರು ಬೇರೆ. 2018ರ ಮಾರ್ಚಿಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು, ಇಬ್ಬರು ವಯಸ್ಕರು ಒಪ್ಪಿ ಮದುವೆಯಾಗುವಾಗ ಕುಟುಂಬದ, ಜಾತಿಯ, ಪಂಚಾಯಿತಿಯ ಸಮ್ಮತಿ ಬೇಕಿಲ್ಲವೆಂದು ಸ್ಪಷ್ಟವಾಗಿ ಹೇಳಿ, ಅಂಥವರಿಗೆ ರಕ್ಷಣೆ ನೀಡಬೇಕೆಂದು ಸರ್ಕಾರಗಳಿಗೆ ಸೂಚಿಸಿತು. 1954ರ ವಿಶೇಷ ವಿವಾಹ ಕಾಯಿದೆಯೂ, ಹೊರದೇಶದಲ್ಲಿರುವ ಭಾರತೀಯರಿಗಾಗಿ 1969ರ ವಿದೇಶಿ ವಿವಾಹ ಕಾಯಿದೆಯೂ ಇವೆ. ಆದ್ದರಿಂದ ವಯಸ್ಸಿಗೆ ಬಂದ ಮಕ್ಕಳಿಗೆ ಓಡಿಹೋಗುವ ಅಗತ್ಯ ಕಾನೂನಿನ ದೃಷ್ಟಿಯಿಂದ ಇಲ್ಲ. ಓಡುವಂತೆ ಮಾಡುವುದು ನಮ್ಮ ಮನೆಯ ಬಾಗಿಲು.

ಒಂದು ಮನೆಯ ಮಾತನ್ನು ಹೇಳಿ ಮುಗಿಸುತ್ತೇನೆ. ನಮ್ಮ ಸೋದರತ್ತೆಯೊಬ್ಬರು ತಮ್ಮ ಇಷ್ಟದಂತೆ ಮದುವೆಯಾಗಿ ಊರು ಬಿಟ್ಟರು. ನನ್ನ ತಾತ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಕೂಡದೆಂದು ಕಟ್ಟು ಮಾಡಿದರು. ಅಜ್ಜಿ ಎದುರಾಡಲಿಲ್ಲ. ಆದರೆ ಪ್ರತಿ ವರ್ಷ ಗೌರಿಹಬ್ಬದಲ್ಲಿ ಹೆಣ್ಣುಮಕ್ಕಳಿಗೆ ಬಾಗಿನ ಕೊಡುವಾಗ ಒಂದು ಮೊರ ಹೆಚ್ಚಾಗಿ ಸಿದ್ಧವಾಗುತ್ತಿತ್ತು. ಅದನ್ನು ಅಜ್ಜಿ ಟ್ರಂಕಿನಿಂದ ತೆಗೆದ ಒಂದು ಫೋಟೋದ ಮುಂದಿಟ್ಟು, ಅರಿಸಿನ ಕುಂಕುಮ ಹಚ್ಚಿ, ಆಮೇಲೆ ಯಾರಾದರೂ ಮುತ್ತೈದೆಗೆ ಕೊಟ್ಟುಬಿಡುತ್ತಿದ್ದರು. ತಾತನಿಗೆ ಇದು ಗೊತ್ತಿತ್ತೋ ಇಲ್ಲವೋ ನಾನರಿಯೆ. ತಾತ ತೀರಿಕೊಂಡ ಸುದ್ದಿ ಕೇಳಿ ಅತ್ತೆ ಬಂದಾಗ, ನಾವು ಎಳೆಯರು ಯಾರೂ ಅವರನ್ನು ನೋಡಿರಲಿಲ್ಲ. ಆದರೆ ಬಾಗಿಲಲ್ಲಿ ನಿಂತವರು ಯಾರೆಂದು ನಮಗೆಲ್ಲ ಒಡನೆಯೇ ತಿಳಿಯಿತು. ವರ್ಷ ವರ್ಷವೂ ಆ ಮುಖವನ್ನು ನಾವು ನೋಡಿದ್ದೆವು. ಅಂಗಾರವತಿಯ ಫಲಕದ ವಿಷಯವನ್ನು ನಾನು ಬಹಳ ವರ್ಷಗಳ ಮೇಲೆ ಕಾಲೇಜಿನಲ್ಲಿ ಓದಿದಾಗ ಅದು ನನಗೆ ಹೊಸದೆನಿಸಲಿಲ್ಲ.

ತಾಯಂದಿರೆ, ತಂದೆಯರೆ, ನಿಮ್ಮ ಮಕ್ಕಳು ಯಾರನ್ನು ಮದುವೆಯಾಗಬೇಕೆಂದು ಹೇಳುವುದಕ್ಕೆ ನಾನು ಬಂದಿಲ್ಲ. ಮಕ್ಕಳೆ, ದುಡುಕಿ ಎಂದು ಹೇಳುವುದಕ್ಕೂ ಬಂದಿಲ್ಲ. ಅಂಗಾರವತಿ ಅಳಿಯನ ದುಡುಕನ್ನು ಎತ್ತಿ ಹೇಳದೆ ಬಿಡಲಿಲ್ಲವೆಂಬುದನ್ನು ನೀವು ಗಮನಿಸಿರಬಹುದು. ಆಡಬೇಕಾದ ಮಾತನ್ನು ಆಡಿಯೂ ಅವಳು ಚಿತ್ರವನ್ನು ಕಳುಹಿಸಿದಳು. ತಪ್ಪನ್ನು ತಪ್ಪೆಂದು ಹೇಳುವುದೂ, ಮಕ್ಕಳನ್ನು ಮಕ್ಕಳೆಂದು ಇಟ್ಟುಕೊಳ್ಳುವುದೂ ಒಟ್ಟಿಗೆ ಸಾಧ್ಯವೆಂದು ಆ ಹಳೆಯ ನಾಟಕ ತೋರಿಸಿಕೊಡುತ್ತದೆ. ಸಮುದ್ರದಾಚೆ ಇರುವ ನಿಮಗೆ ಅದು ಇನ್ನೂ ಹೆಚ್ಚು ಬೇಕಾದ ವಿದ್ಯೆ. ಊರಿನಲ್ಲಾದರೆ ಮುನಿಸು ಕರಗಿಸಲು ಹಬ್ಬವುಂಟು, ಜಾತ್ರೆಯುಂಟು, ನಡುವೆ ನಿಂತು ಮಾತಾಡುವ ಸೋದರಮಾವನುಂಟು. ಇಲ್ಲಿ ಮಕ್ಕಳು ಮುನಿದು ಒಂದು ವಿಮಾನ ಹತ್ತಿದರೆ ನಡುವೆ ಕಡಲೇ ಬಂದುಬಿಡುತ್ತದೆ. ಅದನ್ನು ದಾಟಲು ನಿಮ್ಮ ಮನೆಯ ಗೋಡೆಯ ಮೇಲೆ ಒಂದು ಚಿತ್ರದ ಜಾಗವನ್ನಾದರೂ ಖಾಲಿ ಬಿಟ್ಟಿರಿ.